ತಾಳಗುಂದದ ಕಂಬ, ಮೈಸೂರಿನ ಎಂಜಿನ್

ಮಕ್ಕಳೇ, ನಿಮ್ಮಲ್ಲಿ ಕೆಲವರ ಅಜ್ಜ-ಅಜ್ಜಿಯರ ಊರು ಶಿಕಾರಿಪುರ, ಸೊರಬದ ಕಡೆಯದು. ಅಲ್ಲಿ ಶಿರಾಳಕೊಪ್ಪದ ಹತ್ತಿರ ತಾಳಗುಂದ ಎಂಬ ಹಳ್ಳಿಯಿದೆ. ಪ್ರಣವೇಶ್ವರ ದೇವಾಲಯದ ಎದುರು ಬಯಲಿನಲ್ಲಿ ಒಂದು ಕಲ್ಲಿನ ಕಂಬ ನಿಂತಿದೆ. ಸುಮಾರು 1500 ವರ್ಷಗಳ ಹಿಂದೆ ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಪದ್ಯಗಳನ್ನು ಅದರ ಮೈಮೇಲೆ ಕೆತ್ತಿದ್ದಾರೆ. ಮಯೂರಶರ್ಮ ಎಂಬ ಹುಡುಗ ಗುರು ವೀರಶರ್ಮರ ಜೊತೆ ಓದಲು ದೂರದ ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಯಿತು, ಸಿಟ್ಟಾದ ಮಯೂರ ಓದು ಬಿಟ್ಟು ಕತ್ತಿ ಹಿಡಿದ, ಕೊನೆಗೆ ಕದಂಬರ ರಾಜ್ಯ ಕಟ್ಟಿದ ಎಂಬುದು ಅದರಲ್ಲಿರುವ ಕಥೆ. ಕನ್ನಡ ನಾಡಿನ ಮೊದಲ ರಾಜವಂಶದ ಕಥೆ ಶುರುವಾಗುವುದೇ ಒಂದು ಪ್ರಯಾಣದಿಂದ!

ಆ ಕಾಲದಿಂದ ಮುಂದಿನ ಸಾವಿರದ ನಾನೂರು ವರ್ಷ ನೆಲದ ಮೇಲೆ ಕುದುರೆಗಿಂತ ವೇಗದ ಸವಾರಿ ನಮ್ಮವರಿಗೆ ಇರಲಿಲ್ಲ. ಕುದುರೆಯೂ ಎಲ್ಲರಿಗೆಲ್ಲಿ? ಮಲೆನಾಡಿನ ರೈತರು ನಡೆದರು, ಎತ್ತಿನ ಗಾಡಿ ಕಟ್ಟಿದರು. ಆಮೇಲೆ ರೈಲು ಬಂದು ಒಮ್ಮೆಗೇ ಎಲ್ಲವೂ ಬದಲಾಯಿತು. ಹಾಗೆ ಬದಲಾಯಿಸಿದ ಯಂತ್ರಗಳನ್ನು ಕಣ್ಣಾರೆ ಕಾಣಬೇಕಾದರೆ ಮೈಸೂರಿಗೆ ಹೋಗಬೇಕು. ರೈಲು ನಿಲ್ದಾಣದ ಹತ್ತಿರ, ಕೃಷ್ಣರಾಜಸಾಗರ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿಗೆ ರೈಲ್ವೆ ಮ್ಯೂಸಿಯಂ ಇದೆ. ಭಾರತೀಯ ರೈಲ್ವೆ ಅದನ್ನು ತೆರೆದದ್ದು 1979ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ದೆಹಲಿಯಲ್ಲಿ ರಾಷ್ಟ್ರೀಯ ರೈಲು ಸಂಗ್ರಹಾಲಯ ಆರಂಭವಾಗಿತ್ತು, ಅದರ ನಂತರ ನಮ್ಮದೇ. ಬ್ರಿಟನ್ನಿನಲ್ಲಿರುವ ಮಕ್ಕಳು ಯಾರ್ಕ್ ನಗರದ ದೊಡ್ಡ ರೈಲು ಮ್ಯೂಸಿಯಂ ನೋಡಿರಬಹುದು. ಅಲ್ಲಿ ಎಂಜಿನ್‌ಗಳು ವಿಶಾಲವಾದ ಚಾವಣಿಯ ಕೆಳಗಿವೆ. ಮೈಸೂರಿನಲ್ಲಿ ಹೆಚ್ಚಿನವು ಮರಗಳ ನಡುವೆ, ತೆರೆದ ಆಕಾಶದ ಕೆಳಗೆ ನಿಂತಿವೆ. ನನಗೆ ಮೈಸೂರಿನ ಈ ರೀತಿಯೇ ಇಷ್ಟ. ರೈಲು ಇದ್ದದ್ದು ಬಯಲಿನಲ್ಲಿ, ಮಳೆ ಬಿಸಿಲಿನಲ್ಲಿ. ಅಲ್ಲೇ ನೋಡಿದರೆ ಅದರ ಗಾತ್ರ ಸರಿಯಾಗಿ ಅರಿವಾಗುತ್ತದೆ.

ಮ್ಯೂಸಿಯಂ ಏಕೆ ಬೇಕು? ಮೈಸೂರು ಸಂಸ್ಥಾನದ ರೈಲುಗಳು ಹೆಚ್ಚಾಗಿ ಮೀಟರ್ ಗೇಜ್ ಹಳಿಗಳ ಮೇಲೆ ಓಡುತ್ತಿದ್ದವು. ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಅದು ಮೀಟರ್ ಗೇಜ್; ಇಂದಿನ ಬ್ರಾಡ್ ಗೇಜ್‌ನಲ್ಲಿ ಆ ಅಂತರ 1676 ಮಿಲಿಮೀಟರ್. 1870ರ ದಶಕದ ಕೊನೆಯಲ್ಲಿ ಭೀಕರ ಬರ ಬಂದು ಲಕ್ಷಾಂತರ ಜನ ಸತ್ತ ಮೇಲೆ, ಧಾನ್ಯ ಸಾಗಿಸಲು ರೈಲು ಎಷ್ಟು ಅಗತ್ಯ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಬೆಂಗಳೂರು-ಮೈಸೂರು ಮಾರ್ಗ ಆ ದಿನಗಳಲ್ಲಿ ಕಟ್ಟಿದ್ದು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂತು. ಅದು ಮುಂದೆ ಕಾಡು ಹೊಕ್ಕು, ಅರಸಾಳು, ಆನಂದಪುರ, ಸಾಗರ ದಾಟಿ, ಸುಮಾರು 1940ರ ಹೊತ್ತಿಗೆ ಜೋಗದ ಸಮೀಪದ ತಾಳಗುಪ್ಪದಲ್ಲಿ ನಿಂತಿತು. (ತಾಳಗುಪ್ಪ ಬೇರೆ, ತಾಳಗುಂದ ಬೇರೆ, ನಕ್ಷೆಯಲ್ಲಿ ಎರಡನ್ನೂ ಹುಡುಕಿ.) ಈ ಹಳಿಗಳನ್ನೆಲ್ಲ ಬ್ರಾಡ್ ಗೇಜ್‌ಗೆ ಬದಲಾಯಿಸಿದಾಗ, ಉಗಿಯ ಕಾಲವೂ ಮುಗಿದಾಗ, ಹಳೆಯ ಎಂಜಿನ್‌ಗಳಿಗೆ ಓಡಲು ಹಳಿಯೇ ಉಳಿಯಲಿಲ್ಲ. ಬಹಳಷ್ಟು ಗುಜರಿಗೆ ಹೋದವು, ಕೆಲವು ಮಾತ್ರ ಉಳಿದವು. ಉಳಿದದ್ದನ್ನು ನೋಡುವಾಗ ಹೋದದ್ದು ನೆನಪಾಗಿ ನನಗೆ ಬೇಸರವಾಗುತ್ತದೆ.

ಮ್ಯೂಸಿಯಂ ಒಳಗೆ ಹೋದರೆ ಇಎಸ್ ವರ್ಗದ 506 ಸಂಖ್ಯೆಯ ಉಗಿ ಎಂಜಿನ್ನಿನ ಪಕ್ಕ ನಿಂತು ಚಕ್ರ ಎಣಿಸಿ. ಮುಂದೆ ಚಿಕ್ಕ ಚಕ್ರಗಳು ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಮತ್ತೆ ಚಿಕ್ಕವು ಎರಡು. ಎಂಜಿನ್ ಬಲ್ಲವರು ಇದನ್ನು 4-6-2 ಎಂದು ಬರೆಯುತ್ತಾರೆ. ದೊಡ್ಡ ಆರು ಚಕ್ರಗಳೇ ಗಾಡಿ ಎಳೆಯುವುದು. ಕಲ್ಲಿದ್ದಲ ಬೆಂಕಿಯ ಬಿಸಿಗಾಳಿ ಉದ್ದುದ್ದ ಕೊಳವೆಗಳ ಒಳಗೆ ಹಾಯುತ್ತದೆ, ಕೊಳವೆಗಳ ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ. ಆ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ, ಅದಕ್ಕೆ ಸಿಕ್ಕಿಸಿದ ಕಬ್ಬಿಣದ ಸಲಾಕೆ ಚಕ್ರ ತಿರುಗಿಸುತ್ತದೆ. ಹೊಗೆಯ ಜೊತೆ ಕೆಲಸ ಮುಗಿಸಿದ ಉಗಿಯೂ ಚಿಮಣಿಯಿಂದ ಹೊರಬೀಳುವಾಗ ಆಗುವ ಸದ್ದೇ ನಿಮ್ಮ ಅಜ್ಜ ಅನುಕರಿಸಿ ತೋರಿಸುವ ‘ಚುಕುಬುಕು’.

ಮ್ಯೂಸಿಯಂ ಒಳಗಿನ ಶ್ರೀರಂಗ ಮಂಟಪದಲ್ಲಿ ಮೈಸೂರು ಅರಮನೆಯ ಬೋಗಿಗಳಿವೆ. ಮಹಾರಾಣಿಯವರ ಸಲೂನ್ 1899ರದು. ಅದರಲ್ಲೇ ಅಡುಗೆಮನೆ, ಊಟದ ಕೋಣೆ, ಶೌಚಾಲಯ. ಇದು ಎಲ್ಲರ ಕಣ್ಣಿಗೂ ಬೀಳುವ ಬೋಗಿ. ಆದರೆ ಮಕ್ಕಳಿಗೆ ನಾನು ತೋರಿಸುವುದು ಹಳಿಯ ಮೇಲೆ ಓಡಲು ರೈಲು ಚಕ್ರ ತೊಟ್ಟ ಆಸ್ಟಿನ್ ಮೋಟಾರು ಕಾರನ್ನು. ರಸ್ತೆಯ ಕಾರು ರೈಲಾದದ್ದು ಇಲ್ಲಿ ಕಾಣಸಿಗುತ್ತದೆ. ಶಿವಮೊಗ್ಗದವರಿಗಂತೂ ಇದು ಕೂಡಲೇ ಅರ್ಥವಾಗುತ್ತದೆ. ಮೀಟರ್ ಗೇಜ್ ಕಾಲದ ಕೊನೆಯ ವರ್ಷಗಳಲ್ಲಿ ತಾಳಗುಪ್ಪ ಮಾರ್ಗದಲ್ಲಿ ‘ರೈಲ್ ಬಸ್’ ಓಡುತ್ತಿತ್ತು. ಒಂದೇ ಡಬ್ಬಿ, ಬಸ್ಸಿನ ಮುಖ, ಕಾಡಿನ ನಡುವೆ ಹಳಿಯ ಮೇಲೆ ಸವಾರಿ. ಬ್ರಾಡ್ ಗೇಜ್ ಬಂದ ಮೇಲೆ ಅದು ನಿಂತಿತು. ಈಗ ನಲವತ್ತು ದಾಟಿದ ಸಾಗರದವರನ್ನು ಕೇಳಿ ನೋಡಿ, ಆ ಸವಾರಿಯ ಕಥೆ ಬೇಗ ಮುಗಿಯುವುದಿಲ್ಲ.

ಅದೇ ಮಾರ್ಗದ ಅರಸಾಳು ನಿಲ್ದಾಣದ ಬಗ್ಗೆ ಹೇಳದಿದ್ದರೆ ಲೇಖನ ಅರ್ಧವಾದಂತೆ. ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದ ಕಥೆಗಾರ ಆರ್. ಕೆ. ನಾರಾಯಣ್ ‘ಮಾಲ್ಗುಡಿ’ ಎಂಬ ಕಲ್ಪನೆಯ ಊರನ್ನು ಸೃಷ್ಟಿಸಿದರು. 1980ರ ದಶಕದಲ್ಲಿ ನಿರ್ದೇಶಕ ಶಂಕರ್ ನಾಗ್ ಆ ಊರಿನ ಕಥೆಗಳನ್ನು ಧಾರಾವಾಹಿಯಾಗಿ ದೂರದರ್ಶನಕ್ಕೆ ತಂದಾಗ, ಊರಿಗೆ ಆಗುಂಬೆಯನ್ನೂ ರೈಲು ನಿಲ್ದಾಣಕ್ಕೆ ಅರಸಾಳನ್ನೂ ಆಯ್ದುಕೊಂಡರು. ಹಳೆಯ ನಿಲ್ದಾಣದ ಕಟ್ಟಡ ಹಾಳು ಬಿದ್ದಿತ್ತು. ನೈಋತ್ಯ ರೈಲ್ವೆ ಅದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸದಲ್ಲೂ ತೊಡಗಿದರು. ಅಲ್ಲೊಂದು ಹಳೆಯ ಬೋಗಿಯನ್ನು ಚಹಾದ ಅಂಗಡಿಯಾಗಿ ಮಾರ್ಪಡಿಸಿದ್ದಾರೆ.

ಬಯಲಿನಲ್ಲಿಟ್ಟ ವಸ್ತುಗಳಿಗೆ ಆರೈಕೆ ಹೆಚ್ಚು ಬೇಕು. ತಾಳಗುಂದದ ಕಂಬ ಗಟ್ಟಿ ಕಲ್ಲಿನದು, ಹದಿನೈದು ಶತಮಾನದ ಮಳೆ ತಡೆದುಕೊಂಡಿತು. ಕಬ್ಬಿಣ ಹಾಗಲ್ಲ, ಬಣ್ಣ ಸುಲಿದ ಕಡೆ ತುಕ್ಕು ತಿನ್ನುತ್ತದೆ, ಮರದ ಬೋಗಿಗೆ ಗೆದ್ದಲು ಹತ್ತುತ್ತದೆ. ಮೈಸೂರಿನ ಮ್ಯೂಸಿಯಂ ಅನ್ನು ಇತ್ತೀಚೆಗೆ ನವೀಕರಿಸಿ 2020ರಲ್ಲಿ ಮತ್ತೆ ತೆರೆದಿದ್ದಾರೆ. ಮುಂದೆಯೂ ಕೆಲವು ವರ್ಷಕ್ಕೊಮ್ಮೆ ಈ ಕೆಲಸ ಆಗುತ್ತಲೇ ಇರಬೇಕು.

ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನಲ್ಲಿ ಒಂದು ಬೆಳಗ್ಗೆ ಮ್ಯೂಸಿಯಂ ನೋಡಿ, ಆಮೇಲೆ ತಾಳಗುಪ್ಪದ ರೈಲು ಹಿಡಿಯಿರಿ. ಆ ಮಾರ್ಗದ ಒಂದು ರೈಲಿಗೆ 2022ರಿಂದ ಕುವೆಂಪು ಎಕ್ಸ್‌ಪ್ರೆಸ್ ಎಂದು ಹೆಸರು. ಶಿವಮೊಗ್ಗ ದಾಟಿದ ಮೇಲೆ ಕಿಟಕಿ ಪಕ್ಕ ಕುಳಿತರೆ ಅರಸಾಳು ಹಾದುಹೋಗುವುದು ಕಾಣುತ್ತದೆ. ಸಾಗರದಲ್ಲಿ ಇಳಿದರೆ ತಾಳಗುಂದಕ್ಕೆ ಇನ್ನು ರಸ್ತೆಯ ದಾರಿ; ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ರೈಲು ಮಾರ್ಗದ ಕೆಲಸ ನಡೆದಿದೆ.