ಹೊಗೆಯನ್ನು ದುಡಿಮೆಗೆ ಹಚ್ಚಿದ ಆಲ್‌ಫ್ರೆಡ್ ಬ್ಯೂಖಿ

ವಾಹನದ ಹಿಂಬದಿಯಿಂದ ಹೊರಬೀಳುವ ಹೊಗೆಯನ್ನು ಕಂಡರೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆ ಹೊಗೆಯೊಡನೆ ಇಂಧನದ ಬೆಲೆಯೂ ಗಾಳಿಗೆ ಹೋಗುತ್ತಿದೆಯೆಂದು ಲೆಕ್ಕ ಹಾಕಿ, ಅದನ್ನೇ ಎಂಜಿನ್ನಿನ ಚಾಕರಿಗೆ ಮರಳಿ ಹಚ್ಚಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ. ಕಾರು, ಲಾರಿ, ಹಡಗುಗಳಲ್ಲಿ ಇಂದು ಟರ್ಬೊ ಎಂಬ ಹೆಸರಿನಿಂದ ಪರಿಚಿತವಾಗಿರುವ ಸಾಧನದ ಜನಕ ಆತ. ಕಲ್ಪನೆ ಹೊಳೆದು ಪೇಟೆಂಟ್ ದೊರೆತದ್ದು 1905ರಲ್ಲಿ. ಅದು ನಿಜವಾಗಿ ಕೈಗೂಡಿದ್ದು 1925ರಲ್ಲಿ. ನಡುವಿನ ಇಪ್ಪತ್ತು ವರ್ಷಗಳ ಕಗ್ಗಂಟನ್ನು ಬಹುಮಟ್ಟಿಗೆ ಬಿಡಿಸಿದ್ದು ಕೊಳವೆಗಳ ಜೋಡಣೆ ಎಂಬುದು ಈ ಜೀವನಕಥೆಯ ಸ್ವಾರಸ್ಯ.

ಕಾರ್ಖಾನೆಗಳ ಊರಿನ ಹುಡುಗ

ಬ್ಯೂಖಿ ಜನಿಸಿದ್ದು 1879ರ ಜುಲೈ 11ರಂದು, ಜ್ಯೂರಿಕ್ ನಗರಕ್ಕೆ ಸಮೀಪದ ವಿಂಟರ್‌ಥೂರ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ತಂದೆ ಯೊಹಾನ್ ಬ್ಯೂಖಿ ಅಲ್ಲಿನ ಹೆಸರಾಂತ ಸುಲ್ಜರ್ ಯಂತ್ರ ಕಾರ್ಖಾನೆಯಲ್ಲಿ ಉನ್ನತ ಅಧಿಕಾರಿ. ಮುಂದೆ ಡೀಸೆಲ್ ಎಂಜಿನ್ನಿನಿಂದ ಜಗತ್ಪ್ರಸಿದ್ಧನಾದ ರುಡಾಲ್ಫ್ ಡೀಸೆಲ್ ವಿದ್ಯಾರ್ಥಿಯಾಗಿದ್ದಾಗ ಇದೇ ಕಾರ್ಖಾನೆಗೆ ಬಂದು ಕೆಲಸ ಕಲಿತದ್ದೂ 1879ರಲ್ಲೇ ಎಂಬುದು ಕಾಕತಾಳೀಯ.

ಬಾಲ್ಯವನ್ನು ವಿಂಟರ್‌ಥೂರ್ ಹಾಗೂ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ಗಳಲ್ಲಿ ಕಳೆದ ಬ್ಯೂಖಿ, 1899ರಲ್ಲಿ ಜ್ಯೂರಿಕ್‌ನ ಫೆಡರಲ್ ಪಾಲಿಟೆಕ್ನಿಕ್ ಸೇರಿ 1903ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದ. ಬಳಿಕ ಬೆಲ್ಜಿಯಂ ಹಾಗೂ ಇಂಗ್ಲೆಂಡ್‌ಗಳಲ್ಲಿ ದುಡಿದ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಿಸಿ ಅನಿಲವಾಗಿ ಹೊರಗೆ ಹೋಗುತ್ತದೆ. ಈ ಪೋಲು ತರುಣ ಎಂಜಿನಿಯರನ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಹೊರಹೋಗುವ ಅನಿಲದಿಂದ ಚಕ್ರವೊಂದನ್ನು ತಿರುಗಿಸಬೇಕು. ಆ ಚಕ್ರದ ಬಲದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬೇಕು. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಇಂಧನ ಉರಿಯುತ್ತದೆ, ಅದೇ ಗಾತ್ರದ ಎಂಜಿನ್ ಹೆಚ್ಚು ಬಲ ನೀಡುತ್ತದೆ. ಇದು ಬ್ಯೂಖಿಯ ತರ್ಕ. 1905ರ ನವೆಂಬರ್ 16ರ ದಿನಾಂಕವುಳ್ಳ ಜರ್ಮನ್ ಪೇಟೆಂಟಿನಲ್ಲಿ ಗಾಳಿ ಒತ್ತುವ ಕಂಪ್ರೆಸರ್, ಎಂಜಿನ್ ಹಾಗೂ ಟರ್ಬೈನ್ ಮೂರನ್ನೂ ಸಾಲಾಗಿ ಜೋಡಿಸಿದ ವಿನ್ಯಾಸವಿತ್ತು. ಆಗ ಅವನಿಗೆ 26 ವರ್ಷ.

ಇಪ್ಪತ್ತು ವರ್ಷಗಳ ಪರೀಕ್ಷೆ

ಕಾಗದದ ಮೇಲೆ ಸರಳವಾಗಿ ಕಂಡದ್ದು ಕಾರ್ಯಾಗಾರದಲ್ಲಿ ಕೈಕೊಟ್ಟಿತು. ಸ್ವದೇಶಕ್ಕೆ ಮರಳಿ ಸುಲ್ಜರ್ ಸೇರಿದ ಬ್ಯೂಖಿ, 1911ರ ಹೊತ್ತಿಗೆ ಅಲ್ಲಿ ಪ್ರಯೋಗಗಳನ್ನು ಆರಂಭಿಸಿದ. ಅಂದಿನ ಕಂಪ್ರೆಸರುಗಳು ಪಡೆದ ಶಕ್ತಿಯಲ್ಲಿ ಹೆಚ್ಚು ಪಾಲನ್ನು ವ್ಯರ್ಥ ಮಾಡುತ್ತಿದ್ದವು. ಬಿಸಿ ಅನಿಲದ ಝಳಕ್ಕೆ ಟರ್ಬೈನಿನ ಲೋಹ ಬಾಳುತ್ತಿರಲಿಲ್ಲ. ಇವೆರಡಕ್ಕಿಂತ ತೊಡಕಿನ ಸಂಗತಿಯೆಂದರೆ, ಟರ್ಬೈನ್ ದಾರಿಗೆ ಅಡ್ಡ ನಿಂತ ಕಾರಣ ಅನಿಲ ಸರಾಗವಾಗಿ ಹೊರಹೋಗದೆ ಎಂಜಿನ್ ಉಸಿರು ಕಟ್ಟಿದಂತಾಗುತ್ತಿತ್ತು. ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಕಳೆದುಹೋಗುತ್ತಿತ್ತು.

1915ರಲ್ಲಿ ಬ್ರೌನ್ ಬೊವೆರಿ ಕಂಪನಿಯೊಡನೆ ನಡೆದ ಮಾತುಕತೆಯೂ ಫಲ ಕೊಡಲಿಲ್ಲ. ಅದೇ ವೇಳೆಗೆ ಮಹಾಯುದ್ಧದ ಒತ್ತಡದಲ್ಲಿ ಫ್ರಾನ್ಸಿನ ಆಗಸ್ಟ್ ರಾಟೋ, ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಮೊದಲಾದವರು ವಿಮಾನದ ಎಂಜಿನ್ನುಗಳಿಗೆ ಇದೇ ತತ್ತ್ವವನ್ನು ಅಳವಡಿಸತೊಡಗಿದರು. 1918ರಲ್ಲಿ ಮಾಸ್ ತನ್ನ ಯಂತ್ರವನ್ನು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿ, ತೆಳುಗಾಳಿಯಲ್ಲೂ ಎಂಜಿನ್ ಬಲಗುಂದದೆಂದು ತೋರಿಸಿದ. ನೆಲದ ಮೇಲಿನ ಡೀಸೆಲ್ ಎಂಜಿನ್ನನ್ನೇ ನಂಬಿದ್ದ ಬ್ಯೂಖಿ ಮಾತ್ರ ಇನ್ನೂ ಉತ್ತರ ಹುಡುಕುತ್ತಲೇ ಇದ್ದ.

ಆ ಉತ್ತರ 1925ರ ಪೇಟೆಂಟಿನಲ್ಲಿ ಒದಗಿತು. ಅದುವರೆಗೆ ಎಲ್ಲ ಸಿಲಿಂಡರುಗಳ ಹೊಗೆಯೂ ಒಂದೇ ದೊಡ್ಡ ಕೊಳವೆಗೆ ಬಂದು ಸೇರುತ್ತಿತ್ತು. ಪ್ರತಿ ಸಿಲಿಂಡರಿನಿಂದ ರಭಸದಿಂದ ಚಿಮ್ಮಿದ ಅನಿಲ ಆ ವಿಶಾಲ ಜಾಗದಲ್ಲಿ ಹರಡಿ ಕಸುವು ಕಳೆದುಕೊಳ್ಳುತ್ತಿತ್ತು. ಅಲ್ಲಿನ ಒತ್ತಡ ಮಾತ್ರ ಪಕ್ಕದ ಸಿಲಿಂಡರಿಗೆ ಎದುರೊತ್ತುತ್ತಿತ್ತು. ಬ್ಯೂಖಿ ಆ ಕೊಳವೆಯನ್ನು ಒಡೆದು ಹಲವು ಕಿರಿದಾದ ಕೊಳವೆಗಳನ್ನಾಗಿ ಮಾಡಿದ. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬಾರದಂತೆ ಸಿಲಿಂಡರುಗಳನ್ನು ಗುಂಪುಗೂಡಿಸಿದ. ಆಗ ಪ್ರತಿ ಚಿಮ್ಮಿಕೆಯೂ ಪೂರ್ಣ ರಭಸದಿಂದ ಟರ್ಬೈನಿಗೆ ಬಡಿಯಿತು. ಮರುಕ್ಷಣವೇ ಕೊಳವೆಯಲ್ಲಿ ಒತ್ತಡ ಇಳಿದು, ಹೊಸ ಗಾಳಿ ಒಳನುಗ್ಗಿ ಉಳಿದ ಹೊಗೆಯನ್ನು ಗುಡಿಸಿಹಾಕಿತು. ಪಿಸ್ಟನ್, ವಾಲ್ವ್‌ಗಳ ಕಾವೂ ತಗ್ಗಿತು. ಎಂಜಿನ್ನಿನ ಸಾಮರ್ಥ್ಯ ಶೇ. 40ಕ್ಕೂ ಮಿಕ್ಕಿ ಏರಿತು.

1926ರಲ್ಲಿ ಬ್ಯೂಖಿ ಸಿಂಡಿಕೇಟ್ ಸ್ಥಾಪನೆಯಾಯಿತು. ಟರ್ಬೊ ತಯಾರಿಕೆ ಬ್ರೌನ್ ಬೊವೆರಿಯ ಪಾಲಿಗೆ, ಎಂಜಿನ್ ಒದಗಿಸುವುದು ವಿಂಟರ್‌ಥೂರಿನ ಲೋಕೊಮೋಟಿವ್ ಕಾರ್ಖಾನೆಯ ಪಾಲಿಗೆ, ತಾಂತ್ರಿಕ ಹೊಣೆ ಬ್ಯೂಖಿಯ ಪಾಲಿಗೆ ಬಂತು. ಜರ್ಮನಿಯ ಪ್ರೊಯ್ಸೆನ್ ಹಾಗೂ ಹಾನ್ಸೆಸ್ಟಾಟ್ ಡಾನ್ಜಿಗ್ ಎಂಬ ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಎಂಜಿನ್ನುಗಳು ಟರ್ಬೊ ನೆರವಿನಿಂದ 1,750ರ ಬದಲು 2,500 ಅಶ್ವಶಕ್ತಿ ನೀಡಿದವು. 1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ ಲಾರಿಗೂ ಟರ್ಬೊ ಕೂಡಿಸಿತು. 1959ರ ಅಕ್ಟೋಬರ್ 27ರಂದು, 80ನೆಯ ವಯಸ್ಸಿನಲ್ಲಿ, ಬ್ಯೂಖಿ ಹುಟ್ಟೂರಿನಲ್ಲೇ ಕಣ್ಣುಮುಚ್ಚಿದ. ಮೂರೇ ವರ್ಷಗಳಲ್ಲಿ, 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಹಾಗೂ ಷೆವರ್ಲೆ ಕಂಪನಿಗಳು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದವು. ಅದೇ ವರ್ಷ ಭಾರತೀಯ ರೈಲ್ವೆಗೆ ಬಂದ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ರೈಲು ಎಂಜಿನ್ ಕೂಡ ಟರ್ಬೊ ಹೊತ್ತೇ ಬಂದಿತು.

ಕೊಳವೆಯ ಪಾಠ ಇಂದಿಗೂ

ಬ್ಯೂಖಿ ಕಲಿಸಿದ ಕೊಳವೆಯ ಪಾಠ ಹೊಗೆಯ ಬದಿಯಲ್ಲಷ್ಟೇ ಅಲ್ಲ, ಗಾಳಿಯ ಬದಿಯಲ್ಲೂ ಸಲ್ಲುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದಾಗ ಅದು ಟರ್ಬೊದಿಂದ ಸುಮಾರು 125 ಡಿಗ್ರಿಯಲ್ಲಿ ಹೊರಬರುತ್ತದೆ. ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ, ಅಷ್ಟೇ ಒತ್ತಡದಲ್ಲಿ ಶೇ. 20ಕ್ಕೂ ಹೆಚ್ಚು ಗಾಳಿ ಎಂಜಿನ್ನಿಗೆ ದಕ್ಕುತ್ತದೆ.

ಈ ಗಾಳಿಯನ್ನು ಸಾಗಿಸಲು ಅಲ್ಯುಮಿನಿಯಂ ಅಥವಾ ಸ್ಟೇನ್‌ಲೆಸ್ ಕೊಳವೆಗಳ ಬೆಲೆಗೆ ಬೆದರಿದ ಕಾರುಪ್ರಿಯರು ಅಗ್ಗದ ದಾರಿ ಹುಡುಕುವುದುಂಟು. ಸೈಲೆನ್ಸರಿಗೆ ಬಳಸುವ ಸಾದಾ ಉಕ್ಕಿನ ಕೊಳವೆ ಇವುಗಳಲ್ಲಿ ನಂಬಬಹುದಾದದ್ದು. ಅದು ಕಾವನ್ನೂ ಒತ್ತಡವನ್ನೂ ತಾಳುತ್ತದೆ, ಬೆಸುಗೆಗೂ ಸುಲಭ. ಆದರೆ ಒಳಗಿನ ತುಕ್ಕು, ಬೆಸುಗೆಯ ಹರಳು ಎಂಜಿನ್ ಸೇರದಂತೆ ಮೊದಲೇ ಶುಚಿ ಮಾಡಬೇಕು. ಸತು ಲೇಪಿತ ಕೊಳವೆಯನ್ನು ಬೆಸೆದರೆ ವಿಷಕಾರಿ ಹೊಗೆ ಏಳುತ್ತದೆ. ಮನೆಯ ನೀರಿನ ಪಿವಿಸಿ ಕೊಳವೆ ಎಲ್ಲಕ್ಕಿಂತ ಅಗ್ಗ. ಆದರೆ 60 ಡಿಗ್ರಿಯೇ ಅದರ ಮಿತಿ. 80ರ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಟರ್ಬೊ ಮತ್ತು ಇಂಟರ್‌ಕೂಲರ್ ನಡುವೆ ಅದನ್ನು ಕೂಡಿಸುವುದು ಅಪಾಯಕ್ಕೆ ಆಹ್ವಾನ.

ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ಎಲ್ಲವೂ ತ್ಯಾಜ್ಯವೇನಲ್ಲ. ಗಾಜಿನ ನಾರು ಬೆರೆಸಿದ ನೈಲಾನ್ ಕೊಳವೆಗಳನ್ನು ಕಾರು ಕಂಪನಿಗಳೇ ಬಳಸುತ್ತವೆ. ಕೀಲುಗಳ ವಿಷಯದಲ್ಲೂ ವಿವೇಚನೆ ಬೇಕು. ರೇಡಿಯೇಟರಿನ ರಬ್ಬರ್ ಹೋಸು ಟರ್ಬೊದ ಎಣ್ಣೆಯ ತುಂತುರಿಗೆ ಉಬ್ಬುತ್ತದೆ. ಎಣ್ಣೆ ತಡೆಯುವ ಒಳಪದರವುಳ್ಳ ಸಿಲಿಕೋನ್ ಹೋಸು ಬಾಳುತ್ತದೆ. ಕೊಳವೆಯ ತುದಿಗೆ ಅಂಚು ಕಟ್ಟದಿದ್ದರೆ ಒತ್ತಡಕ್ಕೆ ಹೋಸು ಕಳಚಿಕೊಳ್ಳುತ್ತದೆ. ಕೊಳವೆ ಅಗತ್ಯಕ್ಕಿಂತ ದಪ್ಪವಾದರೂ ತೊಂದರೆಯೇ: ಅಷ್ಟು ಜಾಗ ತುಂಬುವವರೆಗೆ ಎಂಜಿನ್ ಕಾಯಬೇಕಾಗುತ್ತದೆ.

ಈ ಕೊನೆಯ ಮಾತು ಬ್ಯೂಖಿಗೆ ಅಪರಿಚಿತವೇನಲ್ಲ. ದೊಡ್ಡ ಕೊಳವೆಯಲ್ಲಿ ಕಳೆದುಹೋಗುತ್ತಿದ್ದ ಬಲವನ್ನು ಕಿರಿದಾದ ಕೊಳವೆಗಳಲ್ಲಿ ಹಿಡಿದಿಟ್ಟಾಗಲೇ ಅವನ ಇಪ್ಪತ್ತು ವರ್ಷಗಳ ದುಡಿಮೆಗೆ ಫಲ ದೊರೆತದ್ದು. ಟರ್ಬೊ ಕಾರಿನ ಬಾನೆಟ್ ಎತ್ತಿದಾಗ ಕಾಣುವ ಆ ಕೊಳವೆಗಳ ಹಿಂದೆ ವಿಂಟರ್‌ಥೂರಿನ ಒಬ್ಬ ಎಂಜಿನಿಯರನ ಅಪಾರ ತಾಳ್ಮೆಯಿದೆ.