ಪ್ಯಾರಿಸ್‌ನ ಬಡ ವಿದ್ಯಾರ್ಥಿ ಸಂತ ಇಗ್ನೇಷಿಯಸ್

ಪ್ರತಿ ವರ್ಷ ಜುಲೈ 31ರಂದು ನಾವು ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತೇವೆ. ಯುದ್ಧದಲ್ಲಿ ಗಾಯಗೊಂಡ ಸೈನಿಕ, ಯೇಸುಸಭೆಯ ಸ್ಥಾಪಕ ಎಂದು ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಎರಡರ ನಡುವೆ ಅವರು ಹನ್ನೊಂದು ವರ್ಷ ವಿದ್ಯಾರ್ಥಿಯಾಗಿದ್ದರು, ಅದರಲ್ಲಿ ಏಳು ವರ್ಷಗಳನ್ನು ಪರದೇಶದ ಪ್ಯಾರಿಸ್ ನಗರದಲ್ಲಿ ಕಳೆದರು ಎಂಬುದು ನಮ್ಮ ನೆನಪಿಗೆ ಬರುವುದು ಕಡಿಮೆ. ನಮ್ಮ ಮಕ್ಕಳು ಸಾಲ ಮಾಡಿಯಾದರೂ ದೂರದ ದೇಶಗಳಿಗೆ ಓದಲು ಹೊರಡುವ ಈ ದಿನಗಳಲ್ಲಿ ಆ ಏಳು ವರ್ಷಗಳ ಕಡೆಗೆ ಒಮ್ಮೆ ನೋಡೋಣ.

ಇಗ್ನೇಷಿಯಸ್ 1491ರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಲೊಯೋಲಾದಲ್ಲಿ ಗಣ್ಯ ಮನೆತನವೊಂದರಲ್ಲಿ ಹುಟ್ಟಿದರು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಕ್ರಿಸ್ತರ ಹಾಗೂ ಸಂತರ ಜೀವನಚರಿತ್ರೆಗಳನ್ನು ಓದಿ ಮನಸ್ಸು ಬದಲಾಯಿತು. ಜೆರುಸಲೇಮ್ ಯಾತ್ರೆ ಮುಗಿಸಿ ಬಂದ ಮೇಲೆ, ಜನರ ಆತ್ಮಗಳಿಗೆ ನೆರವಾಗಲು ವಿದ್ಯೆ ಬೇಕೆಂದು ಅವರಿಗೆ ಮನವರಿಕೆಯಾಯಿತು. ಹೀಗೆ 33ರ ವಯಸ್ಸಿನಲ್ಲಿ ಬಾರ್ಸೆಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು.

ಆಗ ಅವರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಪಾಠ ಬಾಯಿಪಾಠ ಮಾಡಲು ಕುಳಿತರೆ ಸಾಕು, ದೇವರ ಕುರಿತ ಹೊಸ ಹೊಸ ಯೋಚನೆಗಳು ಬಂದು ಪಾಠ ಮರೆತೇ ಹೋಗುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲೂ ಬಾರದ ಯೋಚನೆಗಳು ಓದುವ ಹೊತ್ತಿನಲ್ಲಿ ಬರುವುದನ್ನು ಕಂಡು, ಇದು ಶೋಧನೆ ಎಂದು ಅವರು ಅರಿತುಕೊಂಡರು. ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವ ತನಕ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ತಮ್ಮ ಗುರುಗಳಿಗೆ ಮಾತು ಕೊಟ್ಟರು.

ಮುಂದೆ ಅಲ್ಕಲಾ ಮತ್ತು ಸಲಮಾಂಕಾ ವಿಶ್ವವಿದ್ಯಾಲಯಗಳಿಗೆ ಹೋದರು. ಪದವಿಯಿಲ್ಲದ ಈ ಮನುಷ್ಯ ಜನರಿಗೆ ಧರ್ಮದ ವಿಷಯ ಹೇಳಿಕೊಡುವುದನ್ನು ಕಂಡು ಧರ್ಮಾಧಿಕಾರಿಗಳಿಗೆ ಸಂಶಯ ಬಂತು. ಅಲ್ಕಲಾದಲ್ಲಿ 42 ದಿನ, ಸಲಮಾಂಕಾದಲ್ಲಿ 22 ದಿನ ಸೆರೆಮನೆಯಲ್ಲಿ ಇರಬೇಕಾಯಿತು. ತಪ್ಪೇನೂ ಕಾಣಲಿಲ್ಲವಾದರೂ, ಇನ್ನೂ ಕೆಲವು ವರ್ಷ ಓದುವ ತನಕ ಕೆಲವು ವಿಷಯಗಳನ್ನು ಬೋಧಿಸಕೂಡದು ಎಂಬ ಅಪ್ಪಣೆಯಾಯಿತು. ಓದು ಮುಗಿಸದಿದ್ದರೆ ಅವರ ಸೇವೆಗೇ ದಾರಿ ಇರಲಿಲ್ಲ. ಆದ್ದರಿಂದ ಅವರು ಪ್ಯಾರಿಸ್‌ಗೆ ಹೊರಟರು.

ಪುಸ್ತಕಗಳನ್ನು ಕತ್ತೆಯ ಮೇಲೆ ಹೇರಿಕೊಂಡು, ಚಳಿಗಾಲದಲ್ಲಿ ಒಬ್ಬರೇ ನಡೆದು, 1528ರ ಫೆಬ್ರವರಿ 2ರಂದು ಅವರು ಪ್ಯಾರಿಸ್ ತಲುಪಿದರು. ಆಗ ಅವರಿಗೆ 36 ವರ್ಷ. ಅವಸರದಲ್ಲಿ ಕಲಿತದ್ದು ಗಟ್ಟಿಯಾಗಿಲ್ಲವೆಂದು ಮೊಂತೆಗ್ಯೂ ಕಾಲೇಜಿನಲ್ಲಿ ಮತ್ತೆ ಹುಡುಗರ ಜೊತೆ ಲ್ಯಾಟಿನ್ನಿನಿಂದಲೇ ಆರಂಭಿಸಿದರು.

ಬಾರ್ಸೆಲೋನಾದ ಹಿತೈಷಿಗಳು ಕೊಟ್ಟಿದ್ದ ಹಣವನ್ನು ಅವರು ಜೊತೆಯಲ್ಲಿ ವಾಸವಿದ್ದ ಸ್ಪೇನಿನವನೊಬ್ಬನ ಕೈಯಲ್ಲಿ ಇಟ್ಟಿದ್ದರು. ಅವನು ಅದನ್ನೆಲ್ಲ ಖರ್ಚು ಮಾಡಿಬಿಟ್ಟ. ಬಾಡಿಗೆಗೆ ಗತಿಯಿಲ್ಲದೆ ಇಗ್ನೇಷಿಯಸ್ ಸಂತ ಯಾಕೋಬರ ಯಾತ್ರಿಕರ ಆಶ್ರಯಧಾಮಕ್ಕೆ ಹೋಗಿ ಸೇರಿದರು, ಊಟಕ್ಕೆ ಭಿಕ್ಷೆ ಬೇಡಿದರು. ಆಶ್ರಯಧಾಮ ಕಾಲೇಜಿನಿಂದ ದೂರದಲ್ಲಿತ್ತು. ಅದರ ಬಾಗಿಲು ಬೆಳಕು ಹರಿದ ಮೇಲೆ ತೆರೆಯುತ್ತಿತ್ತು, ಕತ್ತಲಾಗುವ ಮೊದಲೇ ಮುಚ್ಚುತ್ತಿತ್ತು. ಕಾಲೇಜಿನ ಪಾಠಗಳಾದರೋ ನಸುಕಿಗೆ ಮುಂಚೆಯೇ ಆರಂಭವಾಗುತ್ತಿದ್ದವು. ಹೀಗೆ ಬಡತನದಿಂದಾಗಿ ಪಾಠಗಳೇ ತಪ್ಪಿಹೋಗುತ್ತಿದ್ದವು. ಯಾರಾದರೂ ಅಧ್ಯಾಪಕರ ಮನೆಯಲ್ಲಿ ಆಳಾಗಿ ದುಡಿದು ಓದೋಣವೆಂದು ಹುಡುಕಿದರೂ ಕೆಲಸ ಸಿಗಲಿಲ್ಲ. ಕೊನೆಗೆ ಸನ್ಯಾಸಿಯೊಬ್ಬರ ಸಲಹೆಯಂತೆ, ವರ್ಷಕ್ಕೊಮ್ಮೆ ಫ್ಲಾಂಡರ್ಸ್ ನಾಡಿಗೆ ನಡೆದುಹೋಗಿ ಅಲ್ಲಿನ ಸ್ಪೇನಿನ ವ್ಯಾಪಾರಿಗಳಿಂದ ವರ್ಷದ ಖರ್ಚಿಗೆ ಬೇಕಾದಷ್ಟು ಸಹಾಯ ಬೇಡಿ ತಂದರು. ಒಮ್ಮೆ ಇಂಗ್ಲೆಂಡಿಗೂ ಹೋದರು. ತಂದದ್ದರಲ್ಲಿ ಇತರ ಬಡ ವಿದ್ಯಾರ್ಥಿಗಳಿಗೂ ಪಾಲು ಕೊಟ್ಟರು.

ಹಣ ಕಳೆದವನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನು ಊರಿಗೆ ಮರಳುವ ದಾರಿಯಲ್ಲಿ ರುವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದ. ಸುದ್ದಿ ತಿಳಿದ ಇಗ್ನೇಷಿಯಸ್ ಮೂರು ದಿನ ಉಪವಾಸವಿದ್ದು, ಬರಿಗಾಲಲ್ಲಿ ನಡೆದು ಅಲ್ಲಿಗೆ ಹೋದರು. ಅವನನ್ನು ಸಂತೈಸಿ, ಸ್ಪೇನಿಗೆ ಹೋಗುವ ಹಡಗು ಹತ್ತಲು ನೆರವಾದರು. ತಮ್ಮ ಓದನ್ನು ಕೆಡಿಸಿದವನಿಗಾಗಿ ಅವರು ನಡೆದ ಈ ದಾರಿ, ಅವರು ಪಡೆದ ಪದವಿಗಿಂತ ದೊಡ್ಡದೆಂದು ನಮಗೆ ತೋರುತ್ತದೆ.

1529ರಲ್ಲಿ ಅವರು ಸೇಂಟ್ ಬಾರ್ಬ್ ಕಾಲೇಜಿಗೆ ಸೇರಿದರು. ಅಲ್ಲಿ ಕೋಣೆಯ ಜೊತೆಗಾರರಾಗಿ ಸಿಕ್ಕವರು ಸವಾಯ್ ನಾಡಿನ ಪೀಟರ್ ಫೇಬರ್ ಮತ್ತು ನವಾರ್‌ನ ಫ್ರಾನ್ಸಿಸ್ ಝೇವಿಯರ್. ಇಬ್ಬರೂ ಇಗ್ನೇಷಿಯಸರಿಗಿಂತ ಸುಮಾರು ಹದಿನೈದು ವರ್ಷ ಕಿರಿಯರು. ಅರಿಸ್ಟಾಟಲನ ತತ್ವಶಾಸ್ತ್ರದಲ್ಲಿ ಹಿಂದುಳಿದಿದ್ದ ಇಗ್ನೇಷಿಯಸರಿಗೆ ಫೇಬರ್ ಪಾಠ ಹೇಳಿಕೊಟ್ಟರು. ಫೇಬರರ ಮನಸ್ಸಿನ ಗೊಂದಲಗಳಿಗೆ ಇಗ್ನೇಷಿಯಸ್ ದಾರಿ ತೋರಿಸಿದರು. ದೊಡ್ಡ ಹುದ್ದೆಯ ಕನಸು ಕಂಡಿದ್ದ ಝೇವಿಯರ್ ಮಾತ್ರ ಬೇಗನೆ ಒಲಿಯಲಿಲ್ಲ. ಅವರ ಮನಸ್ಸು ತಿರುಗಲು ವರ್ಷಗಳೇ ಬೇಕಾದವು. 1534ರ ಆಗಸ್ಟ್ 15ರಂದು ಮೊಂಮಾರ್ತ್ ಗುಡ್ಡದ ಪ್ರಾರ್ಥನಾಲಯದಲ್ಲಿ ಏಳು ಮಂದಿ ಗೆಳೆಯರು ಪ್ರತಿಜ್ಞೆ ಮಾಡಿದಾಗ ಝೇವಿಯರ್ ಅವರಲ್ಲಿ ಒಬ್ಬರು. 1542ರಲ್ಲಿ ಗೋವಾಕ್ಕೆ ಬಂದಿಳಿದವರು ಇದೇ ಝೇವಿಯರ್.

1535ರಲ್ಲಿ ಮಾಸ್ಟರ್ ಆಫ್ ಆರ್ಟ್ಸ್ ಪ್ರಮಾಣಪತ್ರ ಪಡೆದಾಗ ಇಗ್ನೇಷಿಯಸರಿಗೆ 40 ದಾಟಿತ್ತು. ಹೊಟ್ಟೆನೋವಿನಿಂದ ದೇಹ ಜರ್ಜರಿತವಾಗಿತ್ತು. ಅದೇ ವರ್ಷ ವೈದ್ಯರ ಸಲಹೆಯಂತೆ ಅವರು ಊರಿನ ಹವೆಗೆ ಮರಳಿದರು.

1540ರಲ್ಲಿ ಯೇಸುಸಭೆಗೆ ಪೋಪರ ಮಾನ್ಯತೆ ದೊರೆಯಿತು. ಮುಂದೆ ಸಭೆಯ ಸಂವಿಧಾನ ಬರೆಯುವಾಗ ಇಗ್ನೇಷಿಯಸ್ ತಮ್ಮ ಪ್ಯಾರಿಸ್ ದಿನಗಳನ್ನು ಮರೆಯಲಿಲ್ಲ. ತಾವು ಭಿಕ್ಷೆ ಬೇಡಿ ಓದಿದವರಾದರೂ, ಸಭೆಯ ವಿದ್ಯಾರ್ಥಿಗಳು ಓದುವ ಕಾಲದಲ್ಲಿ ಭಿಕ್ಷೆಗೆ ಅಲೆಯಬಾರದು, ಅವರ ಖರ್ಚಿಗೆ ಕಾಲೇಜುಗಳಿಗೆ ಸ್ಥಿರ ಆದಾಯ ಇರಬೇಕೆಂದು ವ್ಯವಸ್ಥೆ ಮಾಡಿದರು. ಓದಿಗೆ ಅಡ್ಡಿಯಾಗುವಷ್ಟು ದೀರ್ಘ ಪ್ರಾರ್ಥನೆಯೂ ಬೇಡವೆಂದರು. ಅವರ ಕಾಲೇಜುಗಳಲ್ಲಿ ಬಡವರಿಗೂ ಶುಲ್ಕವಿಲ್ಲದೆ ಪಾಠ ಸಿಗುತ್ತಿತ್ತು. 1548ರಲ್ಲಿ ಮೆಸ್ಸಿನಾದಲ್ಲಿ, 1551ರಲ್ಲಿ ರೋಮಿನಲ್ಲಿ ಕಾಲೇಜುಗಳು ಆರಂಭವಾದವು. 1556ರ ಜುಲೈ 31ರಂದು ಅವರು ರೋಮಿನಲ್ಲಿ ತೀರಿಕೊಂಡಾಗ ಇಂಥ ಕಾಲೇಜುಗಳು ಮೂವತ್ತಕ್ಕೂ ಹೆಚ್ಚಿದ್ದವು. 1622ರಲ್ಲಿ ಇಗ್ನೇಷಿಯಸ್ ಮತ್ತು ಝೇವಿಯರ್ ಒಂದೇ ದಿನ ಸಂತರೆಂದು ಘೋಷಿತರಾದರು. ಫೇಬರ್ ಅವರಿಗೆ ಆ ಗೌರವ ಸಂದದ್ದು 2013ರಲ್ಲಿ.

1878ರಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಅಲ್ಲಿ ಕಲಿತವರು. ಪ್ಯಾರಿಸ್‌ನಲ್ಲಿ ಹಸಿದ ಒಬ್ಬ ವಿದ್ಯಾರ್ಥಿಯ ಋಣ ನಮ್ಮ ಮೇಲೆಯೂ ಇದೆ.

ಆ ಋಣ ತೀರಿಸುವ ದಾರಿ ದೂರದಲ್ಲಿಲ್ಲ. ನಮ್ಮ ವಾಳೆಯಲ್ಲೇ ಶುಲ್ಕಕ್ಕೆ ಹಣವಿಲ್ಲದೆ ಓದು ನಿಲ್ಲಿಸುವ ಯೋಚನೆಯಲ್ಲಿರುವ ಹುಡುಗನೋ ಹುಡುಗಿಯೋ ಇರಬಹುದು. ಪರದೇಶದ ಕೋಣೆಯಲ್ಲಿ ಒಂದು ಹೊತ್ತಿನ ಊಟ ಬಿಟ್ಟು, ಮನೆಗೆ ಫೋನ್ ಮಾಡಿ ಎಲ್ಲವೂ ಚೆನ್ನಾಗಿದೆ ಎಂದು ಹೇಳುವ ಮಕ್ಕಳೂ ಇರಬಹುದು. ಈ ಬಾರಿಯ ಹಬ್ಬಕ್ಕೆ ಅವರನ್ನು ವಿಚಾರಿಸಿಕೊಳ್ಳೋಣ. ಕೈಲಾದಷ್ಟು ನೆರವಾಗೋಣ.