ಮೂಲವಚನವನ್ನು ಕೈಗಿತ್ತ ಹಳಕಟ್ಟಿಯವರು

1880ರಲ್ಲಿ ಧಾರವಾಡದಲ್ಲಿ ಜನಿಸಿದ ಪೂಜ್ಯ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲರಾದರು. ಕಾನೂನು ಪರೀಕ್ಷೆಗೆ ಅಚ್ಚಾದ ಗ್ರಂಥಗಳಿದ್ದವು. ಶರಣಧರ್ಮವನ್ನು ಅಭ್ಯಸಿಸಬಯಸುವವರಿಗೆ ಬೇಕಾದ ವಚನಗಳಾದರೋ ಬಹುಪಾಲು ತಾಡವಾಲೆಗಳಲ್ಲಿಯೇ ಉಳಿದಿದ್ದವು. ಈ ಕೊರತೆಯನ್ನು ನೀಗಲು ಅವರು ಮಠಮನೆಗಳನ್ನು ಅರಸಿ ಓಲೆಗಳನ್ನು ಕೂಡಿಸಿದರು. ವಚನಗಳನ್ನು ವಿಷಯಾನುಸಾರ ವಿಂಗಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ವಕೀಲಿಯ ಗಳಿಕೆಗಿಂತ ವಚನಗಳ ಉಳಿವೇ ಹಿರಿದೆಂದು ಬಗೆದು ದುಡಿದ ಆ ಜೀವ 1964ರಲ್ಲಿ ಲಿಂಗೈಕ್ಯವಾಯಿತು. ಧರ್ಮವಿಷಯದ ಪರೀಕ್ಷೆಗೆ ಸಿದ್ಧನಾಗುವ ಪ್ರೌಢಶಾಲೆಯ ವಿದ್ಯಾರ್ಥಿಯು ಟಿಪ್ಪಣಿಗಳ ಕಂಠಪಾಠಕ್ಕೆ ತೃಪ್ತನಾಗದೆ ಮೂಲವಚನವನ್ನೇ ತೆರೆದು ಓದಿ, ತಾನೇ ವಿಚಾರಿಸಿ ಉತ್ತರಿಸುವುದು ಸಾಧ್ಯವಾದುದು ಇಂಥ ತಪಸ್ಸಿನಿಂದ. ಹಾಗೆ ಓದುವುದೇ ಅವರಿಗೆ ಸಲ್ಲಬೇಕಾದ ಗುರುದಕ್ಷಿಣೆ.